ಅಪ್ಪಯ್ಯ ಕೂತು ನೋಡಿದ ರೇಸ್

ವಡಾಲ ಎಂದೊಡನೆ ಮುಂಬಯಿಯವರಿಗೆ ಮೊದಲು ನೆನಪಾಗುವುದು ಆರ್‌ಟಿಒ. ಲೈಸೆನ್ಸಿಗೆ ಸಾಲು ನಿಂತವರು, ಹೊಸ ಗಾಡಿಯನ್ನು ಪಾಸಿಂಗಿಗೆ ತಂದವರು, ಅವರ ಹಿಂದೆ ಮುಂದೆ ಓಡಾಡುವ ಏಜೆಂಟರು. ಆಚೆ ಟ್ರಕ್ ಟರ್ಮಿನಲ್, ಈಚೆ ಬೆಸ್ಟ್ ಬಸ್ ಡಿಪೋ. ನಮ್ಮ ಕನ್ನಡದವರಿಗಾದರೆ ಎನ್.ಕೆ.ಇ.ಎಸ್. ಶಾಲೆ ಮತ್ತು ರಾಮ ಮಂದಿರ ಮೊದಲು ನೆನಪಾಗಬಹುದು. ನಾನು ಹುಟ್ಟಿ ಬೆಳೆದದ್ದು ಇದೇ ವಡಾಲದಲ್ಲಿ. ಅಪ್ಪಯ್ಯ ಬೆಸ್ಟ್‌ನ ವಡಾಲ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ಮನೆಯ ಗೋಡೆಗೆ ಕಿವಿಯಿಟ್ಟರೆ ಬೆಳಗಿನ ಜಾವ ಮೊದಲ ಬಸ್ ಸ್ಟಾರ್ಟ್ ಆಗುವ ಸದ್ದು ಕೇಳುತ್ತಿತ್ತು.

ಗಾಡಿಗಳ ಮಟ್ಟಿಗೆ ನಮ್ಮ ಈ ಕಡೆಗೆ ಒಂದು ಇತಿಹಾಸವೇ ಇದೆ. ಹಾರ್ಬರ್ ಲೈನಿನಲ್ಲಿ ವಡಾಲದಿಂದ ದಕ್ಷಿಣಕ್ಕೆ ಒಂದು ಸ್ಟೇಷನ್ ಹೋದರೆ ಶಿವ್ಡಿ. 1928ರಲ್ಲಿ ಜನರಲ್ ಮೋಟರ್ಸ್ ಕಂಪೆನಿ ಭಾರತದಲ್ಲಿ ಕಾರು ಜೋಡಿಸುವ ಕಾರ್ಖಾನೆ ತೆರೆದದ್ದು ಅಲ್ಲಿ. ಉತ್ತರಕ್ಕೆ ಮೂರು ಸ್ಟೇಷನ್ ಹೋದರೆ ಕುರ್ಲಾ. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿ ಎಂದರೆ ಕಣ್ಣ ಮುಂದೆ ಬರುವ ಪದ್ಮಿನಿ ಕಾರು ತಯಾರಾದದ್ದು ಅಲ್ಲಿನ ಪ್ರೀಮಿಯರ್ ಕಾರ್ಖಾನೆಯಲ್ಲಿ. ಇನ್ನೂ ಹಿಂದಕ್ಕೆ ಹೋದರೆ, 1904ರ ಡಿಸೆಂಬರ್ ಕೊನೆಯಲ್ಲಿ ದೆಹಲಿಯಿಂದ ಮುಂಬಯಿಯವರೆಗೆ ಮೋಟಾರು ಗಾಡಿಗಳ ಒಂದು ಸ್ಪರ್ಧಾ ಓಟ ನಡೆದಿತ್ತು. ಅದು ವೇಗದ ಪಂದ್ಯವಲ್ಲ, ಗಾಡಿ ಕೆಡದೆ ಊರು ಮುಟ್ಟುತ್ತದೆಯೇ ಎಂಬ ಪರೀಕ್ಷೆ. ಆಗಿನ ರಸ್ತೆಗೆ ಅದೇ ದೊಡ್ಡ ಸಾಧನೆ.

ಆ ಗಾಡಿಗಳು ದೆಹಲಿಯಿಂದ ಇಲ್ಲಿಗೆ ಬಂದವು. ನಾನು ಮತ್ತು ಅಪ್ಪಯ್ಯ 2013ರ ಅಕ್ಟೋಬರಿನಲ್ಲಿ ರೇಸ್ ನೋಡಲೆಂದು ಇಲ್ಲಿಂದ ಅಲ್ಲಿಗೆ ಹೋದೆವು, ಅದೂ ರೈಲಿನಲ್ಲಿ. ಗ್ರೇಟರ್ ನೋಯ್ಡಾದ ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ನಲ್ಲಿ ನಡೆದ ಫಾರ್ಮುಲಾ ಒನ್ ಇಂಡಿಯನ್ ಗ್ರ್ಯಾಂಡ್ ಪ್ರಿ ಅದು. ಮೂರನೆಯ ವರ್ಷದ್ದು. ಅದೇ ಕೊನೆಯದೂ ಆಯಿತು.

ಯಾಕೆ ಹೋದೆವು ಎಂದು ಹೇಳಬೇಕಾದರೆ ಮೊದಲು ಮದ್ರಾಸಿಗೆ ಹೋಗಬೇಕು.

ಅಪ್ಪಯ್ಯನ ಊರು ಕುಂದಾಪುರದ ಕಡೆಯ ಒಂದು ಹಳ್ಳಿ. ಹದಿನಾಲ್ಕನೇ ವಯಸ್ಸಿಗೆ, 1969ರಲ್ಲಿ, ಮನೆಯ ಕಷ್ಟಕ್ಕೆ ಮದ್ರಾಸಿನ ಒಂದು ಉಡುಪಿ ಹೋಟೆಲಿಗೆ ಸೇರಿದರು. ಲೋಟ ತೊಳೆಯುವುದು, ಮೇಜು ಒರೆಸುವುದು. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಇದೇ ಕತೆ, ನಮ್ಮ ಸಂಘದ ಹಿರಿಯರಲ್ಲಿ ಅರ್ಧದಷ್ಟು ಜನರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಫೆಬ್ರವರಿ ಬಂತೆಂದರೆ ಆ ಹೋಟೆಲಿನ ಧಣಿಗಳು ಒಂದು ವ್ಯಾನಿನಲ್ಲಿ ಇಡ್ಲಿ, ವಡೆ, ಕಾಫಿಯ ಡ್ರಮ್ ತುಂಬಿಸಿ ನಾಲ್ಕು ಹುಡುಗರನ್ನು ಹತ್ತಿಸಿ ಕಲ್ಕತ್ತಾ ರಸ್ತೆಯಲ್ಲಿ ಕಳಿಸುತ್ತಿದ್ದರಂತೆ. ಹೋಗುತ್ತಿದ್ದದ್ದು ಶೋಲಾವರಂಗೆ, ಮೋಟಾರು ರೇಸಿಗೆ.

ಶೋಲಾವರಂ ಹೆಸರು ಇಂದಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಮದ್ರಾಸಿನ ಉತ್ತರಕ್ಕೆ ಇರುವ ಆ ಊರಿನಲ್ಲಿ ಎರಡನೇ ಮಹಾಯುದ್ಧದ ಕಾಲದ ವಿಮಾನ ಪಟ್ಟಿಯೊಂದಿತ್ತು. ಯುದ್ಧ ಮುಗಿದ ಮೇಲೆ ಖಾಲಿ ಬಿದ್ದ ಕಾಂಕ್ರೀಟು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅಲ್ಲಿ ವರ್ಷಕ್ಕೊಮ್ಮೆ ರೇಸ್ ನಡೆಸತೊಡಗಿದರು. ಮೂರು ದಶಕಕ್ಕೂ ಹೆಚ್ಚು ಕಾಲ ಭಾರತದಲ್ಲಿ ಕಾರ್ ರೇಸ್ ಎಂದರೆ ಶೋಲಾವರಂ ಎಂಬಂತಿತ್ತು. ಹಾಗೆ ನೋಡಿದರೆ ಇದೇನೂ ನಮ್ಮ ದೇಶದ ಬಡತನದ ವಿಶೇಷವಲ್ಲ. ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಶಿಪ್ಪಿನ ಮೊಟ್ಟಮೊದಲ ರೇಸ್ 1950ರ ಮೇ 13ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ನಡೆಯಿತು. ಅದೂ ಯುದ್ಧಕಾಲದ ವಿಮಾನ ನಿಲ್ದಾಣವೇ. ಅಲ್ಲಿಯೂ ತಿರುವುಗಳಲ್ಲಿ ಒಣಹುಲ್ಲಿನ ಹೊರೆ ಇಟ್ಟಿದ್ದರು. ಮುಂಬಯಿಯ ಜುಹು, ಕಲ್ಕತ್ತಾ ಪಕ್ಕದ ಬ್ಯಾರಕ್‌ಪುರಗಳಲ್ಲಿಯೂ ವಿಮಾನ ಪಟ್ಟಿಗಳ ಮೇಲೆ ಕಾರು ಓಡಿಸಿದವರಿದ್ದರು. ಆದರೆ ಜನ ಕಾದು ಕುಳಿತು ವರ್ಷವರ್ಷ ಹೋಗುತ್ತಿದ್ದ ಜಾತ್ರೆ ಶೋಲಾವರಂದೇ.

ರಾಜಮನೆತನದವರು, ಗಿರಣಿ ಮಾಲೀಕರ ಮಕ್ಕಳು, ವರ್ಕ್‌ಶಾಪ್ ಇಟ್ಟುಕೊಂಡ ಮೆಕ್ಯಾನಿಕರು ಎಲ್ಲರೂ ಅಲ್ಲಿಗೆ ಬರುತ್ತಿದ್ದರು. ಗೊಂಡಲ್ ಮಹಾರಾಜರು ವಿದೇಶಿ ಕಾರು ತಂದರೆ, ಕೊಯಮತ್ತೂರಿನ ಕರಿವರ್ಧನ್ ಅವರಂಥವರು ಮುಂದೆ ತಾವೇ ರೇಸ್ ಕಾರು ಕಟ್ಟಿದರು. ಉಳಿದವರದು ಫಿಯೆಟ್, ಹೆರಾಲ್ಡ್, ಅಂಬಾಸಿಡರ್. ಬಾನೆಟ್ಟು, ಬಾಗಿಲು, ಸೀಟು ಎಲ್ಲ ಕಿತ್ತು ಹಗುರ ಮಾಡಿಕೊಂಡು ಓಡಿಸುವುದು. ಬೈಕುಗಳ ರೇಸೂ ಇತ್ತು. ಆಗ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಬೈಕು ಮುಂದೆ ಬಂದರೆ ಹೋಟೆಲಿನ ಕನ್ನಡದ ಹುಡುಗರಿಗೆಲ್ಲ ತಮ್ಮ ಮನೆಯ ಗಾಡಿಯೇ ಗೆದ್ದಷ್ಟು ಖುಷಿ.

ಇಷ್ಟೆಲ್ಲ ಅಪ್ಪಯ್ಯ ನನಗೆ ಚಿಕ್ಕಂದಿನಿಂದ ಹೇಳಿದ್ದರು. ಒಂದು ವಿಷಯ ಮಾತ್ರ ನನಗೆ ಬಹಳ ತಡವಾಗಿ ಗೊತ್ತಾಯಿತು. ಶಾಲೆಯಲ್ಲಿದ್ದಾಗ ಒಮ್ಮೆ "ನಿಮ್ಗೆ ಯಾವ ಕಾರು ಇಷ್ಟ ಆಯ್ತ್ ಅಪ್ಪಯ್ಯ?" ಎಂದು ಕೇಳಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಂಡದ್ದ್ ಕಡ್ಮಿ ಮಗಾ, ಕೇಂಡದ್ದೇ ಜಾಸ್ತಿ" ಎಂದರು. ಸ್ಟಾಲು ಇದ್ದದ್ದು ಜನರ ಗುಂಪಿನ ಹಿಂಬದಿ. ರೇಸ್ ಶುರುವಾದಾಗಲೇ ಲೋಟಗಳ ರಾಶಿ ವಾಪಸ್ ಬರುವುದು. ನೀರಿನ ತೊಟ್ಟಿಯ ಎದುರು ಕುಕ್ಕರುಗಾಲಿನಲ್ಲಿ ಕುಳಿತು ತೊಳೆಯುತ್ತ ಇಂಜಿನ್ನಿನ ಸದ್ದಿನ ಮೇಲೇ ಇದು ಫಿಯೆಟ್, ಇದು ಹೆರಾಲ್ಡ್, ಇದು ಯಾವುದೋ ಹೊರದೇಶದ್ದು ಎಂದು ಹೇಳುವುದನ್ನು ಕಲಿತರಂತೆ. 1972ರಿಂದ 1974ರವರೆಗೆ ಮೂರು ಫೆಬ್ರವರಿ ಅವರು ಶೋಲಾವರಂಗೆ ಹೋಗಿದ್ದಾರೆ. ಒಂದೇ ಒಂದು ಸಲ, ಹತ್ತು ನಿಮಿಷ, ಹಿರಿಯ ಸಪ್ಲಾಯರ್ ಒಬ್ಬರು "ಹೋಗಿ ಕಂಡ್ಕಂಡ್ ಬಾ" ಎಂದು ಬಿಟ್ಟದ್ದು. ಅಷ್ಟರಲ್ಲಿ ಎರಡು ಸುತ್ತು ಕಂಡರು. ಅದೂ ಜನರ ಕಾಲುಗಳ ಸಂದಿಯಿಂದ.

ಆ ಕಿವಿಯೇ ಅವರ ಬದುಕಾಯಿತು ಎಂದರೆ ಉತ್ಪ್ರೇಕ್ಷೆಯಲ್ಲ. 1975ರಲ್ಲಿ ಮುಂಬಯಿಗೆ ಬಂದು ಮಾಟುಂಗದ ಹೋಟೆಲಿನಲ್ಲಿ ಹಗಲು ಕೆಲಸ, ರಾತ್ರಿ ಕನ್ನಡ ರಾತ್ರಿ ಶಾಲೆ. ಎಸ್ಸೆಸ್ಸೆಲ್ಸಿ ಮುಗಿಸಿ, ಐಟಿಐನಲ್ಲಿ ಮೋಟಾರ್ ಮೆಕ್ಯಾನಿಕ್ ಮಾಡಿ ಬೆಸ್ಟ್ ಸೇರಿದರು. ಡಿಪೋದಲ್ಲಿ ಕೆಟ್ಟ ಬಸ್ ಬಂದರೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ ಹಿಡಿಯನ್ನು ಕಿವಿಗಿಟ್ಟುಕೊಂಡು ಕೇಳುತ್ತಿದ್ದರು. ಡಾಕ್ಟರ ಸ್ಟೆತಸ್ಕೋಪಿನ ಹಾಗೆ. ಯಾವ ಬೇರಿಂಗ್ ಹೋಗಿದೆ ಎಂದು ಬಿಚ್ಚುವ ಮೊದಲೇ ಹೇಳುವರು. ಅವರನ್ನು ನೋಡಿಯೇ ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಆರಿಸಿಕೊಂಡದ್ದು, ಮುಂದೆ ಎಂಟೆಕ್ ಮಾಡಿದ್ದು. ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ವಾಹನ ತಯಾರಿಸುವ ಒಂದು ಕಂಪೆನಿಯವರು "ಶಾಪ್‌ಫ್ಲೋರ್‌ನಲ್ಲಿ ರಾತ್ರಿ ಪಾಳಿ ಇರುತ್ತದೆ, ಹುಡುಗಿಯರಿಗೆ ಕಷ್ಟ" ಎಂದು ಬಹಳ ಸೌಜನ್ಯದಿಂದ ಹೇಳಿ ಕಳಿಸಿದರು. ನಾನು ಐಟಿಗೆ ಬಂದೆ. ಬಂದದ್ದಕ್ಕೆ ಈಗ ದುಃಖವಿಲ್ಲ, ಆಗ ಇತ್ತು.

2013ರಲ್ಲಿ ಅಪ್ಪಯ್ಯ ರಿಟೈರ್ ಆದರು. ನನಗೂ ಕೆಲಸ ಸಿಕ್ಕಿ ಕೆಲವು ತಿಂಗಳಾಗಿತ್ತು. ಏನು ಕೊಡಿಸಲಿ ಎಂದು ಕೇಳಿದರೆ ಉತ್ತರವಿಲ್ಲ. ನಾನೇ ಎರಡು ಟಿಕೆಟ್ ತೆಗೆದೆ. ದರ ಎಷ್ಟೆಂದು ಅಮ್ಮನಿಗೆ ಇವತ್ತಿಗೂ ಸರಿಯಾಗಿ ಹೇಳಿಲ್ಲ, ಈ ಲೇಖನದಲ್ಲೂ ಹೇಳುವುದಿಲ್ಲ. "ದುಡ್ಡ್ ಕೊಟ್ಟ್ ಕಿವಿ ಹಾಳ್ ಮಾಡ್ಕಂಬುದಾ?" ಎಂದು ಬೈಯುತ್ತಲೇ ಅಮ್ಮ ಚಪಾತಿ, ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಟ್ಟಳು. ದಾದರಿನಲ್ಲಿ ಪಂಜಾಬ್ ಮೇಲ್ ಹತ್ತಿದೆವು.

ರೈಲಿನಲ್ಲಿ ಎಲ್ಲರ ಬಾಯಲ್ಲೂ ಸಚಿನ್. ಮುಂದಿನ ತಿಂಗಳು ವಾಂಖೆಡೆಯಲ್ಲಿ ಅವರ ಕೊನೆಯ ಟೆಸ್ಟ್. ಅದಕ್ಕೂ ಮೊದಲು ಹರಿಯಾಣದ ಲಾಹ್ಲಿಯಲ್ಲಿ ಕೊನೆಯ ರಣಜಿ ಪಂದ್ಯ, ಅದು ಶುರುವಾಗುವುದೂ ನಮ್ಮ ರೇಸಿನ ದಿನವೇ, ಅಕ್ಟೋಬರ್ 27ರಂದು. ನಾವು ದೆಹಲಿಯ ಕಡೆಗೆ ಹೋಗುತ್ತಿದ್ದೇವೆ ಎಂದಾಗ ಎದುರಿನ ಸೀಟಿನವರು ಲಾಹ್ಲಿಗೇ ಹೊರಟಿದ್ದೇವೆ ಎಂದುಕೊಂಡರು. ಕಾರ್ ರೇಸಿಗೆ ಎಂದಾಗ ಅವರ ಮುಖದಲ್ಲಿ ಕಂಡ ಕನಿಕರ ಇನ್ನೂ ನೆನಪಿದೆ. ಇದೇ ಸಚಿನ್ 2011ರಲ್ಲಿ ಮೊದಲ ಇಂಡಿಯನ್ ಗ್ರ್ಯಾಂಡ್ ಪ್ರಿಯ ಕೊನೆಗೆ ಚೌಕುಳಿ ಬಾವುಟ ಬೀಸಿದ್ದರು. ಕ್ರಿಕೆಟಿನ ದೇವರನ್ನು ಕರೆಸದೆ ನಮ್ಮಲ್ಲಿ ಇನ್ನೊಂದು ಆಟಕ್ಕೆ ಪ್ರಾಣಪ್ರತಿಷ್ಠೆ ಆಗುವುದಿಲ್ಲವೇನೋ.

ಆ ಸರ್ಕ್ಯೂಟಿನ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಜಿಲ್ಲೆಯ ಹೆಸರು ಗೌತಮ ಬುದ್ಧ ನಗರ, ಹಾಗಾಗಿ ಸರ್ಕ್ಯೂಟಿಗೂ ಬುದ್ಧನ ಹೆಸರು. ಅಷ್ಟು ಗದ್ದಲದ ಜಾಗಕ್ಕೆ ಶಾಂತಿಯ ದೇವರ ಹೆಸರೇ ಸಿಕ್ಕಿತೇ ಎಂದು ಅಪ್ಪಯ್ಯ ನಕ್ಕಿದ್ದರು. ಕಟ್ಟಿಸಿದ್ದು ಜೇಪೀ ಸಮೂಹ, ವಿನ್ಯಾಸ ಜರ್ಮನಿಯ ಹರ್ಮನ್ ಟಿಲ್ಕೆಯವರದು. ಒಂದು ಸುತ್ತಿಗೆ 5.125 ಕಿಲೋಮೀಟರ್, ಒಟ್ಟು 60 ಸುತ್ತು. ಹಿಂದೆ ಅದು ರೈತರ ಹೊಲ. ಪರಿಹಾರ ಸಾಲದೆಂದು ಆ ಭಾಗದ ರೈತರು 2011ರ ಮೊದಲ ರೇಸನ್ನೇ ತಡೆಯುವ ಮಾತಾಡಿದ್ದರು. ಅದೇ ವರ್ಷ ಮೊದಲ ದಿನದ ಅಭ್ಯಾಸದಲ್ಲಿ ಟ್ರ್ಯಾಕಿಗೆ ನಾಯಿ ನುಗ್ಗಿ ಓಟ ನಿಲ್ಲಿಸಬೇಕಾಯಿತು. ಜಗತ್ತಿನ ಪತ್ರಿಕೆಗಳೆಲ್ಲ ಆ ನಾಯಿಯ ಫೋಟೊ ಹಾಕಿದವು. ಆದರೂ ರೇಸಿನ ದಿನ, ಅಕ್ಟೋಬರ್ 30ರಂದು, ಎಲ್ಲವೂ ಚೆನ್ನಾಗಿಯೇ ನಡೆಯಿತು. ಸೆಬಾಸ್ಟಿಯನ್ ವೆಟ್ಟೆಲ್ ಗೆದ್ದ. ನಮ್ಮ ನರೇನ್ ಕಾರ್ತಿಕೇಯನ್ ತಂಡದ ನಿಧಾನದ ಕಾರಿನಲ್ಲೇ 17ನೆಯವರಾಗಿ ಮುಗಿಸಿದರು. ತವರಿನ ಟ್ರ್ಯಾಕಿನಲ್ಲಿ ಫಾರ್ಮುಲಾ ಒನ್ ರೇಸಿನಲ್ಲಿ ಸ್ಪರ್ಧಿಸಿದ ಭಾರತೀಯರು ಇಂದಿಗೂ ಅವರೊಬ್ಬರೇ.

ಶೋಲಾವರಂನ ನೆರಳು ಇಲ್ಲಿಯೂ ಇತ್ತು ಎಂಬುದು ನನಗೆ ಓದುತ್ತ ಓದುತ್ತ ಗೊತ್ತಾದದ್ದು. ಗ್ರ್ಯಾಂಡ್ ಪ್ರಿಯ ಕಾಲಕ್ಕೆ ದೇಶದ ಮೋಟಾರು ಕ್ರೀಡಾ ಒಕ್ಕೂಟದ ಮುಖ್ಯಸ್ಥರಾಗಿದ್ದ ವಿಕಿ ಚಂದೋಕ್ ಶೋಲಾವರಂನಲ್ಲಿ ಕಾರು ಓಡಿಸಿದವರು. ಅವರ ತಂದೆ ಇಂದು ಚಂದೋಕ್ ಮದ್ರಾಸಿನ ಕ್ಲಬ್ಬನ್ನು ಕಟ್ಟಿದವರಲ್ಲಿ ಒಬ್ಬರು, ಮಗ ಕರುಣ್ ಫಾರ್ಮುಲಾ ಒನ್ ಡ್ರೈವರ್. ನಮ್ಮ ಬೆಂಗಳೂರಿನ ವಿಜಯ್ ಮಲ್ಯ ಎಂಬತ್ತರ ದಶಕದಲ್ಲಿ ಶೋಲಾವರಂಗೆ ಹಳೆಯ ಎನ್‌ಸೈನ್ ಫಾರ್ಮುಲಾ ಒನ್ ಕಾರನ್ನೇ ತಂದು ಓಡಿಸಿದ್ದರು. ಬುದ್ಧ ಸರ್ಕ್ಯೂಟಿನಲ್ಲಿ ಅವರು ಫೋರ್ಸ್ ಇಂಡಿಯಾ ತಂಡದ ಯಜಮಾನ. ಅಂದರೆ ಅಂದು ಟ್ರ್ಯಾಕಿನ ಮೇಲಿದ್ದವರು ಇಲ್ಲಿಯವರೆಗೂ ಬಂದಿದ್ದರು. ಹಿಂಬದಿಯಲ್ಲಿ ಲೋಟ ತೊಳೆಯುತ್ತಿದ್ದವರಲ್ಲಿಯೂ ಒಬ್ಬರು ಬಂದರು ಎಂದು ನಾನು ಸೇರಿಸಿಕೊಳ್ಳುತ್ತೇನೆ.

ದೆಹಲಿಯಲ್ಲಿ ಚಿಕ್ಕಮ್ಮನ ಮನೆಯಿಂದ ಭಾನುವಾರ ಬೆಳಿಗ್ಗೆ ಹೊರಟೆವು. ಯಮುನಾ ಎಕ್ಸ್‌ಪ್ರೆಸ್‌ವೇ ಆಗ ಹೊಸದು, ಹಿಂದಿನ ವರ್ಷವಷ್ಟೇ ತೆರೆದಿತ್ತು. ಮೂರು ಗಂಟೆಗೆ ಶುರುವಾಗುವ ರೇಸಿಗೆ ನಾವು ಹನ್ನೊಂದಕ್ಕೇ ಸೀಟಿನಲ್ಲಿ ಕೂತಿದ್ದೆವು. ಅಪ್ಪಯ್ಯ ಇಸ್ತ್ರಿ ಮಾಡಿದ ಬಿಳಿ ಶರ್ಟು, ರಿಟೈರ್‌ಮೆಂಟಿಗೆ ಡಿಪೋದವರು ಕೊಟ್ಟ ವಾಚು ಹಾಕಿದ್ದರು. ಸೀಟಿನ ನಂಬರನ್ನು ಟಿಕೆಟಿನ ಜೊತೆ ಮೂರು ಸಲ ಹೊಂದಿಸಿ ನೋಡಿ, ಕರ್ಚೀಫಿನಿಂದ ಒರೆಸಿ ಕುಳಿತರು. ಆಮೇಲೆ ಸುತ್ತ ನೋಡಿ ಮೊದಲು ಕೇಳಿದ ಪ್ರಶ್ನೆ, "ಇಲ್ಲ್ ತಿಂಡಿ ಮಾರುವರ್ ಎಲ್ಲ್ ನಿಂತ್ಕಂತ್ರ್?"

ನಮ್ಮ ಸ್ಟ್ಯಾಂಡ್ ಇದ್ದದ್ದು ಹಿಂಬದಿಯ ಉದ್ದನೆಯ ನೇರ ದಾರಿ ಮುಗಿದು ನಾಲ್ಕನೇ ತಿರುವು ಬರುವ ಜಾಗದಲ್ಲಿ. ಒಂದು ಕಿಲೋಮೀಟರಿಗೂ ಹೆಚ್ಚಿನ ಆ ನೇರದಲ್ಲಿ ಕಾರುಗಳು ಗಂಟೆಗೆ 300 ಕಿಲೋಮೀಟರ್ ಮೀರಿ ಬಂದು, ಕಣ್ಣೆದುರಿನಲ್ಲೇ ಬ್ರೇಕ್ ಒತ್ತಿ ತಿರುಗಬೇಕು. ಟಿವಿಯಲ್ಲಿ ನೋಡಿದವರಿಗೆ ಆ ಬ್ರೇಕ್ ಏನೆಂದು ಅಂದಾಜಾಗದು. ಗೋಡೆಗೆ ಹೊಡೆದ ಹಾಗೆ ವೇಗ ಸಾಯುತ್ತದೆ. ಮತ್ತು ಶಬ್ದ. 2013 ಆ ಹಳೆಯ ಶಬ್ದದ ಕೊನೆಯ ವರ್ಷ. 2.4 ಲೀಟರಿನ ಎಂಟು ಸಿಲಿಂಡರಿನ ಇಂಜಿನ್, ನಿಮಿಷಕ್ಕೆ 18,000 ಸುತ್ತು. ಮರುವರ್ಷದಿಂದ 1.6 ಲೀಟರಿನ ಟರ್ಬೋ ಹೈಬ್ರಿಡ್ ಬಂದು ಸದ್ದು ಅಡಗಿತು. ಡಿಪೋದ ಬಸ್ಸಿನ ಇಂಜಿನ್ ಎರಡು ಸಾವಿರ ಚಿಲ್ಲರೆ ಸುತ್ತಿನಲ್ಲೇ ಕೆಲಸ ಮುಗಿಸುತ್ತದೆ. ಮೊದಲ ಕಾರು ನಮ್ಮೆದುರು ಬಂದಾಗ ನಾನು ಕಿವಿ ಮುಚ್ಚಿಕೊಂಡೆ. ಅಪ್ಪಯ್ಯ ಕಿವಿಗೆ ಇಟ್ಟುಕೊಂಡಿದ್ದ ಹತ್ತಿಯನ್ನು ತೆಗೆದು ಜೇಬಿಗೆ ಹಾಕಿಕೊಂಡರು.

ಪ್ರೇಕ್ಷಕರ ಬಗ್ಗೆ ಒಂದು ನಿಜ ಹೇಳಬೇಕು. ಸರ್ಕ್ಯೂಟಿಗೆ ಹೋದವರು ರೇಸಿನ ಬಹುಭಾಗವನ್ನು ನೋಡುವುದೇ ಇಲ್ಲ. ಒಂದೂವರೆ ನಿಮಿಷಕ್ಕೊಮ್ಮೆ ಕಾರುಗಳು ಬರುತ್ತವೆ, ಹೋಗುತ್ತವೆ. ಉಳಿದದ್ದು ಎದುರಿನ ದೊಡ್ಡ ಪರದೆಯಲ್ಲಿ. ಮನೆಯಲ್ಲಿ ಟಿವಿ ಮುಂದೆ ಕೂತವರಿಗೆ ನಮಗಿಂತ ಹೆಚ್ಚು ಗೊತ್ತಿರುತ್ತದೆ. ಮೊದಲ ಸ್ಥಾನದಿಂದ ಹೊರಟ ವೆಟ್ಟೆಲ್ ಎರಡೇ ಸುತ್ತಿಗೆ ಟೈರ್ ಬದಲಿಸಲು ಪಿಟ್ಟಿಗೆ ಹೋಗಿ 17ನೇ ಸ್ಥಾನಕ್ಕೆ ಬಿದ್ದಾಗ ನಮ್ಮ ಸ್ಟ್ಯಾಂಡಿನಲ್ಲಿ ಅರ್ಧದಷ್ಟು ಜನ ಅವನ ಕಾರು ಕೆಟ್ಟಿತು ಎಂದುಕೊಂಡರು. "ಮುಂದ್ ಇದ್ದವ ಎಂತಕ್ಕೆ ಒಳ್ಗ್ ಹೋದ?" ಎಂದರು ಅಪ್ಪಯ್ಯ. ಮೆತ್ತನೆಯ ಟೈರು ಬೇಗ ಸವೆಯುತ್ತದೆ, ಎರಡು ಬಗೆಯ ಟೈರನ್ನೂ ಬಳಸಲೇಬೇಕೆಂಬ ನಿಯಮವಿದೆ, ಅದಕ್ಕೆ ಮೆತ್ತನೆಯದನ್ನು ಮೊದಲೇ ಮುಗಿಸಿಬಿಟ್ಟ ಎಂದು ವಿವರಿಸಿದೆ. "ಹಾಗಾರೆ ಆಗ್ಲೇ ಗೆದ್ದ" ಎಂದರು. ಅದೇ ಆಯಿತು. ಒಬ್ಬೊಬ್ಬರನ್ನೇ ದಾಟಿ ಬಂದು, ಎರಡನೆಯವನಾದ ರೋಸ್‌ಬರ್ಗ್‌ಗಿಂತ ಸುಮಾರು 30 ಸೆಕೆಂಡ್ ಮುಂದೆ ಮುಗಿಸಿದ.

ಪಿಟ್ಟಿನ ಕೆಲಸವನ್ನು ಪರದೆಯಲ್ಲಿ ತೋರಿಸಿದಾಗಲೆಲ್ಲ ಅಪ್ಪಯ್ಯ ಮುಂದಕ್ಕೆ ಬಾಗುತ್ತಿದ್ದರು. ನಾಲ್ಕು ಚಕ್ರ, ಎರಡು ಮೂರು ಸೆಕೆಂಡು. ಹೊಸ ಡ್ರೈವರನ ಹೆಸರು ಅವರಿಗೆ ಒಂದೂ ನೆನಪುಳಿಯಲಿಲ್ಲ. ಮುಂದಿನ ಎಡಗಾಲಿ ಬಿಚ್ಚುವವನ ಕೈ ಹೇಗೆ ಹೋಯಿತು ಎಂಬುದು ಮಾತ್ರ ಮನೆಗೆ ಬಂದ ಮೇಲೂ ಹೇಳುತ್ತಿದ್ದರು.

ಪರದೆಯಲ್ಲಿ ಒಮ್ಮೆ ಸೌಬರ್ ತಂಡದ ಮೋನಿಷಾ ಕಾಲ್ಟೆನ್‌ಬೋರ್ನ್ ಕಂಡರು. ಕಿವಿಗೆ ಹೆಡ್‌ಫೋನ್ ಹಾಕಿ ಪಿಟ್ಟಿನ ಗೋಡೆಯ ಬಳಿ ಕುಳಿತಿದ್ದರು. ನಮ್ಮ ಡೆಹ್ರಾಡೂನ್‌ನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ತಂದೆತಾಯಿಯ ಜೊತೆ ಆಸ್ಟ್ರಿಯಾಕ್ಕೆ ಹೋಗಿ, ಕಾನೂನು ಓದಿದ ಹೆಣ್ಣುಮಗಳು. 2012ರ ಅಕ್ಟೋಬರಿನಲ್ಲಿ ಆ ತಂಡದ ಮುಖ್ಯಸ್ಥೆಯಾದರು. ಫಾರ್ಮುಲಾ ಒನ್ ಇತಿಹಾಸದಲ್ಲಿ ಆ ಹುದ್ದೆಗೆ ಬಂದ ಮೊದಲ ಮಹಿಳೆ. "ಆ ತಂಡಕ್ಕೆ ಹೆಂಗ್ಸೇ ಯಜಮಾನ್ತಿಯಾ?" ಎಂದು ಅಪ್ಪಯ್ಯ ಕೇಳಿ, ಹೌದೆಂದಾಗ ನನ್ನ ಮುಖವನ್ನೊಮ್ಮೆ ನೋಡಿದರು, ಏನೂ ಹೇಳಲಿಲ್ಲ. ಕ್ಯಾಂಪಸ್ ಇಂಟರ್‌ವ್ಯೂ ಮುಗಿಸಿ ಬಂದ ಸಂಜೆ ಕೂಡ ಅವರು ಹೀಗೇ ನೋಡಿ ಸುಮ್ಮನಾಗಿದ್ದರು.

ಸ್ಟೀರಿಂಗ್ ಹಿಡಿದ ಮಹಿಳೆಯರ ಲೆಕ್ಕ ಇನ್ನೂ ಚಿಕ್ಕದು. 1950ರಿಂದ ಇಂದಿನವರೆಗೆ ಫಾರ್ಮುಲಾ ಒನ್ ಚಾಂಪಿಯನ್‌ಶಿಪ್ಪಿನ ರೇಸಿಗೆ ಹೆಸರು ಕೊಟ್ಟವರು ಐದು ಜನ. ಅದರಲ್ಲಿ ರೇಸ್ ಆರಂಭಿಸಲು ಅರ್ಹತೆ ಪಡೆದವರು ಇಬ್ಬರೇ, ಇಬ್ಬರೂ ಇಟಲಿಯವರು. 1958ರಲ್ಲಿ ಮರಿಯಾ ತೆರೆಸಾ ದೆ ಫಿಲಿಪ್ಪಿಸ್, ಎಪ್ಪತ್ತರ ದಶಕದಲ್ಲಿ ಲೆಲ್ಲಾ ಲೊಂಬಾರ್ದಿ. ಲೊಂಬಾರ್ದಿ 1975ರ ಸ್ಪೇನ್ ರೇಸಿನಲ್ಲಿ ಆರನೆಯವರಾದರು. ಅಪಘಾತದಿಂದ ಆ ರೇಸನ್ನು ಅರ್ಧಕ್ಕೆ ನಿಲ್ಲಿಸಿದ್ದರಿಂದ ಅವರಿಗೆ ಸಿಕ್ಕಿದ್ದು ಅರ್ಧ ಅಂಕ. ಇಷ್ಟು ವರ್ಷಗಳಲ್ಲಿ ಮಹಿಳೆಯರ ಖಾತೆಯಲ್ಲಿರುವುದು ಆ ಅರ್ಧ ಅಂಕ ಒಂದೇ. ನಾವು ನೋಡಿದ ದಿನ ಟ್ರ್ಯಾಕಿನ ಮೇಲಿದ್ದ ಹೆಣ್ಣುಮಕ್ಕಳೆಂದರೆ, ರೇಸಿಗೆ ಮೊದಲು ಕಾರುಗಳ ಮುಂದೆ ನಂಬರಿನ ಫಲಕ ಹಿಡಿದು ನಿಂತವರು. ಆ ಪದ್ಧತಿಯನ್ನು 2018ರಲ್ಲಿ ಕೈಬಿಟ್ಟರು, ಒಳ್ಳೆಯದಾಯಿತು.

ಆ ಮಧ್ಯಾಹ್ನ ನನಗೆ ಹೊಳೆದ ಇನ್ನೊಂದು ವಿಷಯವಿದೆ. ಒಂದೊಂದು ಕಾರಿನಲ್ಲಿಯೂ ನೂರಕ್ಕೂ ಹೆಚ್ಚು ಸೆನ್ಸರ್‌ಗಳು. ಟೈರಿನ ಶಾಖ, ಬ್ರೇಕಿನ ಶಾಖ, ಎಣ್ಣೆಯ ಒತ್ತಡ ಎಲ್ಲವೂ ಓಡುತ್ತಿರುವಾಗಲೇ ಪಿಟ್ಟಿನ ಪರದೆಗೆ ಬರುತ್ತದೆ. ಸ್ಕ್ರೂಡ್ರೈವರಿನ ಹಿಡಿಗೆ ಕಿವಿಯಿಟ್ಟು ಅಪ್ಪಯ್ಯ ಮಾಡುತ್ತಿದ್ದದ್ದನ್ನು ಅಲ್ಲಿ ಡೇಟಾ ಮಾಡುತ್ತಿತ್ತು. ನಾನು ಈಗ ಮಾಡುವ ಕೆಲಸವೂ ಯಂತ್ರಗಳಿಂದ ಬರುವ ಡೇಟಾ ಓದಿ ಯಾವುದು ಕೆಡಲಿದೆ ಎಂದು ಮೊದಲೇ ಹೇಳುವುದು. ಅಂದು ಆ ಸೀಟಿನಲ್ಲಿ ಕೂತು ಇದನ್ನು ಅಪ್ಪಯ್ಯನಿಗೆ ಹೇಳಿದರೆ ಅವರು ಕೇಳಿದ್ದು, "ಅದ್ ತಪ್ಪ್ ಹೇಳಿರೆ ಯಾರ್ ಬೈಸ್ಕಂಬುದ್?" ಆಫೀಸಿನಲ್ಲಿ ಇಂದಿಗೂ ಇದಕ್ಕೆ ಸರಿಯಾದ ಉತ್ತರ ಸಿಕ್ಕಿಲ್ಲ.

ರೇಸ್ ಗೆದ್ದ ವೆಟ್ಟೆಲ್‌ಗೆ ಅದು ಸತತ ನಾಲ್ಕನೇ ವಿಶ್ವ ಚಾಂಪಿಯನ್ ಪಟ್ಟವೂ ಆಯಿತು. ಕಾರನ್ನು ನಿಯಮದಂತೆ ಒಳಗೆ ಒಯ್ಯುವ ಬದಲು ಮುಖ್ಯ ಸ್ಟ್ಯಾಂಡಿನ ಎದುರು ನಿಲ್ಲಿಸಿ, ಹೊಗೆ ಏಳುವಂತೆ ಗರಗರ ಸುತ್ತಿಸಿ, ಇಳಿದು, ಕಾರಿನ ಮುಂದೆ ಮಂಡಿಯೂರಿ ನಮಸ್ಕಾರ ಮಾಡಿದ. ಕೈಗವಸುಗಳನ್ನು ಜನರ ಕಡೆಗೆ ಎಸೆದ. ಅದಕ್ಕೆ ತಂಡಕ್ಕೆ 25,000 ಯೂರೊ ದಂಡ ಬಿತ್ತು. ನಾವಿದ್ದ ಕಡೆಯಿಂದ ಅದು ಕಾಣಲಿಲ್ಲ, ಪರದೆಯಲ್ಲೇ ನೋಡಿದ್ದು. ಅವನು ಬಗ್ಗಿದಾಗ ಅಪ್ಪಯ್ಯ ಎದ್ದು ನಿಂತರು. ಆಯುಧ ಪೂಜೆಯ ದಿನ ಡಿಪೋದಲ್ಲಿ ಬಸ್ಸಿಗೆ ಕೈ ಮುಗಿಯುತ್ತಿದ್ದವರು ಅವರು. ಆ ಜರ್ಮನಿಯ ಹುಡುಗ ಅವರಿಗೆ ಆ ಕ್ಷಣಕ್ಕೆ ನಮ್ಮವನಾಗಿಬಿಟ್ಟ.

ಹೊರಗೆ ಬರುವಾಗ ಕತ್ತಲಾಗುತ್ತಿತ್ತು. ಮುಂದಿನ ವರ್ಷ ರೇಸ್ ಇಲ್ಲವೆಂದು ಆಗಲೇ ಸುದ್ದಿಯಿತ್ತು, 2015ಕ್ಕೆ ಮತ್ತೆ ಬರುತ್ತದೆ ಎನ್ನುತ್ತಿದ್ದರು. ಬರಲಿಲ್ಲ. ಐದು ವರ್ಷದ ಒಪ್ಪಂದ ಮೂರಕ್ಕೇ ನಿಂತಿತು.

ಕಾರಣವನ್ನು ಜನ ಹಲವು ರೀತಿ ಹೇಳುತ್ತಾರೆ. ಕಟ್ಟಿಸಿದ ಸಂಸ್ಥೆಯ ಸಾಲ, ಫಾರ್ಮುಲಾ ಒನ್‌ಗೆ ಕಟ್ಟಬೇಕಾದ ಭಾರೀ ಶುಲ್ಕ, ಮೊದಲ ವರ್ಷ 95 ಸಾವಿರದಷ್ಟಿದ್ದ ಪ್ರೇಕ್ಷಕರು ಎರಡನೇ ವರ್ಷಕ್ಕೇ ಗಣನೀಯವಾಗಿ ಇಳಿದದ್ದು. ಆದರೆ ನನಗೆ ಎಲ್ಲಕ್ಕಿಂತ ಕುತೂಹಲದ್ದೆನಿಸುವುದು ಒಂದು ಪ್ರಶ್ನೆ: ಇದು ಕ್ರೀಡೆಯೋ, ಮನರಂಜನೆಯೋ? 2009ರಲ್ಲೇ ಕೇಂದ್ರದ ಕ್ರೀಡಾ ಇಲಾಖೆ ಇದನ್ನು ಕ್ರೀಡೆ ಎಂದು ಒಪ್ಪಲು ಹಿಂದೇಟು ಹಾಕಿತ್ತು. ಉತ್ತರ ಪ್ರದೇಶ ಸರ್ಕಾರ ಮನರಂಜನಾ ತೆರಿಗೆಯಿಂದ ವಿನಾಯಿತಿ ಕೊಟ್ಟಿತು. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. 2011ರ ರೇಸಿಗೆ ಕೆಲವೇ ದಿನ ಮೊದಲು ಕೋರ್ಟು ಟಿಕೆಟ್ ಹಣದ ಶೇಕಡಾ 25ರಷ್ಟನ್ನು ಬೇರೆ ಖಾತೆಯಲ್ಲಿಡಿ ಎಂದಿತು. ನಾವು ಹೋದ ವರ್ಷವೂ ರೇಸಿನ ಮುನ್ನಾ ದಿನಗಳಲ್ಲಿ ಅದೇ ತೆರಿಗೆಯ ವಿಷಯ ಕೋರ್ಟಿನ ಮುಂದೆ ಬಂದಿತ್ತು. ತಡೆ ಸಿಗಲಿಲ್ಲವಾದ್ದರಿಂದ ನಾವು ನೋಡಿದೆವು. ಕೊನೆಗೆ 2017ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ಆ ಸರ್ಕ್ಯೂಟನ್ನು ಭಾರತದಲ್ಲಿ ಫಾರ್ಮುಲಾ ಒನ್ ಕಂಪೆನಿಯ ಕಾಯಂ ವ್ಯವಹಾರ ನೆಲೆ ಎಂದೇ ಲೆಕ್ಕ ಹಿಡಿಯಬೇಕು, ಇಲ್ಲಿ ಗಳಿಸಿದ್ದಕ್ಕೆ ಇಲ್ಲಿ ಆದಾಯ ತೆರಿಗೆ ಕಟ್ಟಬೇಕು ಎಂದು ತೀರ್ಪು ಕೊಟ್ಟಿತು. ಮೂರು ಸಲ, ಒಂದೊಂದು ವಾರಾಂತ್ಯ ನಡೆದ ಪಂದ್ಯಕ್ಕೆ "ಕಾಯಂ" ಎಂಬ ಪದ ಸಿಕ್ಕಿದ್ದು ರೇಸ್ ನಿಂತು ಸುಮಾರು ಮೂರೂವರೆ ವರ್ಷವಾದ ಮೇಲೆ.

ನನ್ನ ಅಭಿಪ್ರಾಯ ಕೇಳಿದರೆ, ತೆರಿಗೆ ನೆಪ ಮಾತ್ರ. ಶೋಲಾವರಂನಲ್ಲಿ ರೇಸ್ ನಡೆಸಿದವರು ರೇಸ್ ಓಡಿಸುವವರೇ ಆಗಿದ್ದರು. ಕೈಯಿಂದ ಹಾಕಿಕೊಂಡಾದರೂ ಮರುವರ್ಷ ಮಾಡಿದರು. ಹಳೆಯ ರನ್‌ವೇ ಸಾಲದಾದಾಗ ಶ್ರೀಪೆರಂಬುದೂರಿನ ಪಕ್ಕ ಇರುಂಗಾಟ್ಟುಕೋಟ್ಟೈಯಲ್ಲಿ ತಮ್ಮದೇ ಟ್ರ್ಯಾಕ್ ಕಟ್ಟಿ ಅಲ್ಲಿಗೆ ಹೋದರು, ಅಲ್ಲಿ ಇಂದಿಗೂ ರೇಸ್ ನಡೆಯುತ್ತಿದೆ. ನೋಯ್ಡಾದಲ್ಲಿ ಜಗತ್ತಿನ ಅತ್ಯುತ್ತಮ ಟ್ರ್ಯಾಕ್ ಇತ್ತು, ಅದನ್ನು ತಮ್ಮದೆಂದುಕೊಳ್ಳುವವರು ಕಡಿಮೆ. 2020ರಲ್ಲಿ ಅಲ್ಲಿನ ಪ್ರಾಧಿಕಾರ ಆ ಜಮೀನಿನ ಹಂಚಿಕೆಯನ್ನೇ ರದ್ದು ಮಾಡಿತು. ನಾನು ಹೇಳಿದ್ದು ತಪ್ಪಿರಬಹುದು, ದೆಹಲಿಯ ಕಡೆಯ ಓದುಗರು ಬೈದರೆ ಬೈಸಿಕೊಳ್ಳುತ್ತೇನೆ.

ಮುಂಬಯಿಗೆ ವಾಪಸಾದ ಮೂರು ತಿಂಗಳಿಗೆ, 2014ರ ಫೆಬ್ರವರಿಯಲ್ಲಿ, ನಮ್ಮ ವಡಾಲದಿಂದ ಚೆಂಬೂರಿಗೆ ಮೋನೊರೈಲು ಶುರುವಾಯಿತು. ದೇಶದಲ್ಲೇ ಮೊದಲನೆಯದೆಂದು ಜನ ನೂಕುನುಗ್ಗಲಿನಲ್ಲಿ ಹತ್ತಿದರು. ಅಪ್ಪಯ್ಯನೂ ನಾನೂ ಹೋದೆವು. ಅವರು ಕಿಟಕಿಯ ಬಳಿ ಕೂತು ಕಿವಿಗೊಟ್ಟು ಕೇಳಿ, "ಶಬ್ದವೇ ಇಲ್ಲ ಮಾರಾಯ್ತಿ" ಎಂದು ಸಪ್ಪೆಯಾದರು.

ಬುದ್ಧ ಸರ್ಕ್ಯೂಟಿನ ಟಿಕೆಟನ್ನು ಅವರು ಐಟಿಐ ಸರ್ಟಿಫಿಕೇಟು, ಬೆಸ್ಟ್‌ನ ಗುರುತಿನ ಚೀಟಿ ಇರುವ ಪ್ಲಾಸ್ಟಿಕ್ ಚೀಲದಲ್ಲೇ ಇಟ್ಟಿದ್ದಾರೆ. ಪ್ರತಿ ಅಕ್ಟೋಬರಿಗೆ ಒಮ್ಮೆ ಕೇಳುತ್ತಾರೆ, ಈ ವರ್ಷ ಇದೆಯಾ ಎಂದು. 2023ರ ಸೆಪ್ಟೆಂಬರಿನಲ್ಲಿ ಮೋಟೊಜಿಪಿ ಬೈಕ್ ರೇಸ್ ಅಲ್ಲಿಗೆ ಬಂತು. ಹೋಗೋಣವೇ ಎಂದೆ. ಮಂಡಿ ನೋವು, ಅಷ್ಟು ದೂರ ಬೇಡ, ಟಿವಿಯಲ್ಲಿ ಕಾಂಬ ಎಂದರು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಮೂವರೂ ಕೂತೆವು. ಅಮ್ಮ ಕಾಫಿ ತಂದಳು. ಬೈಕುಗಳು ಉದ್ದನೆಯ ನೇರದಲ್ಲಿ ಬಂದು ನಾಲ್ಕನೇ ತಿರುವಿನಲ್ಲಿ ನೆಲಕ್ಕೆ ತಾಗುವಂತೆ ವಾಲಿದಾಗ ಅಪ್ಪಯ್ಯ ಲೋಟವನ್ನು ಕೆಳಗಿಟ್ಟು ಪರದೆಯ ಮೇಲ್ಭಾಗಕ್ಕೆ, ಪ್ರೇಕ್ಷಕರ ಸಾಲಿನತ್ತ ಬೆರಳು ತೋರಿಸಿ ಅಮ್ಮನಿಗೆ ಹೇಳಿದರು: "ಕಾಣ್, ನಾವ್ ಕೂಕಂಡದ್ ಅಲ್ಲೇ."